ವಿನ್ನಿ ಯಾವ ಪಟ್ಟಿಯಲ್ಲಿದ್ದಾಳೆ

ಕ್ಯಾಂಪ್ ಕೇಸಿ, ಕೊರಿಯಾ
ನವೆಂಬರ್ 6

ಮಾನ್ಯ ರೋಂಡಾ ಪ್ರೂಯಿಟ್ ಅವರಿಗೆ,
ಮಾಲೀಕರು, ಪ್ರೂಯಿಟ್ ಮಕ್ಕಳ ಮಾತಿನ ಕ್ಲಿನಿಕ್, ಟಾಲ್ಬಟ್, ಒಕ್ಲಹೋಮ.

ತಾವು ನಮ್ಮ ಮನೆಗೆ ಕಳಿಸಿದ ಸುತ್ತೋಲೆ ತಲುಪಿದೆ. ಶೆಲ್ಬಿ ಅದರ ಫೋಟೊ ತೆಗೆದು ನನಗೆ ಕಳಿಸಿದಳು. "ಗೌರವಾನ್ವಿತ ಪೋಷಕರೇ" ಎಂದು ಶುರುವಾಗುತ್ತದೆ. ಸ್ವಂತ ತಮ್ಮನ ಹೆಂಡತಿ ತಮಗೆ ಗೌರವಾನ್ವಿತ ಪೋಷಕರಾದದ್ದು ಯಾವಾಗಿನಿಂದ ಎಂದು ತಿಳಿಯಲಿಲ್ಲ. ಹೊಸ ವರ್ಷದಿಂದ ನಮ್ಮ ಸೇನಾ ವಿಮೆಯನ್ನು ನಡೆಸುವ ಕಂಪನಿ ಬದಲಾಗುತ್ತದಂತೆ. ಹೊಸ ಕಂಪನಿಯ ಕರಾರಿಗೆ ತಾವು ಸಹಿ ಹಾಕುವುದಿಲ್ಲವಂತೆ. ಆದ್ದರಿಂದ ಜನವರಿ ಒಂದರಿಂದ ಸೈನಿಕರ ಮಕ್ಕಳು ತಮ್ಮ ಬಾಗಿಲಿಗೆ ಬರುವಂತಿಲ್ಲವಂತೆ.

"ತಾವು" ಅಂದದ್ದು ಇಷ್ಟು ಸಾಕು, ನಾಲಿಗೆ ನೋಯುತ್ತದೆ.

ಫೋನ್ ಮಾಡಿ ಕೇಳಿದರೆ ನೀನು ಹೇಳಿದ್ದೇನು? "ಏನಿದ್ರೂ ಬರೆದು ಕಳ್ಸು, ಇಲ್ಲಿ ಎಲ್ಲಾ ಕಾಗದದ ಮೇಲೇ ನಡಿಯೋದು" ಅಂದು ಫೋನ್ ಇಟ್ಟೆ. ಸರಿ, ಬರೆಯುತ್ತಿದ್ದೇನೆ. ದಂಡಿನ ಗೇಟಿನ ಎದುರಿಗೇ ಅಂಗಡಿ ತೆರೆದು ಹನ್ನೆರಡು ವರ್ಷ ಸೈನಿಕರ ಮಕ್ಕಳಿಂದಲೇ ಹೊಟ್ಟೆ ಹೊರೆದವಳು ನೀನು. ನಮ್ಮಪ್ಪ ಅದೇ ದಂಡಿನಲ್ಲಿ ಇಪ್ಪತ್ತಾರು ವರ್ಷ ಫಿರಂಗಿಯ ಹಿಂದೆ ನಿಂತು ಕಿವುಡಾದ. ಈಗ ನಾನು ನಿಂತಿದ್ದೇನೆ, ಅದೂ ಏಳು ಸಾವಿರ ಮೈಲಿ ಆಚೆ. ನಾನು ಊರಲ್ಲಿಲ್ಲದ ಹೊತ್ತು ನೋಡಿಯೇ ನೀನು ಕೈ ಎತ್ತಿಬಿಟ್ಟೆ.

ನನ್ನ ಮಗಳು ವಿನ್ನಿಗೆ ಐದು ವರ್ಷ. ಮೂರರಲ್ಲಿ ಅವಳಿಗೆ ಒಂದು ಮಾತೂ ಇರಲಿಲ್ಲ. ನಿನ್ನ ಕ್ಲಿನಿಕ್ಕಿನ ಡೆಲ್ಫಿನ್ ವಾರಕ್ಕೆ ಮೂರು ದಿನ ಕೂರಿಸಿಕೊಂಡು ನಲವತ್ತು ಮಾತು ಹೊರಡಿಸಿದ್ದಾಳೆ. "ಅವಳ ತಲೇಲಿ ಮಾತಿದೆ ಕಣೋ, ಬಾಯಿಗೆ ದಾರಿ ಗೊತ್ತಿಲ್ಲ. ತೋರಿಸ್ತಾನೇ ಇರ್ಬೇಕು, ಬಿಟ್ರೆ ಮರ್ತುಬಿಡತ್ತೆ" ಎಂದು ನನಗೆ ಹೇಳಿಕೊಟ್ಟವಳು ನೀನೇ. ಜನವರಿಯಲ್ಲಿ ಯಾರು ತೋರಿಸುತ್ತಾರೆ, ಅದನ್ನೂ ಸುತ್ತೋಲೆಯಲ್ಲಿ ಬರೆಯಬೇಕಿತ್ತು.

ಡರೆಲ್


ಟಾಲ್ಬಟ್
ನವೆಂಬರ್ 19

ಡರೆಲ್,

ಕಾಗದದಲ್ಲಿ ಜಗಳವಾಡುವುದರಲ್ಲಿ ಒಂದು ಲಾಭವಿದೆ, ನೀನು ಮಧ್ಯದಲ್ಲಿ ಬಾಯಿ ಹಾಕುವುದಕ್ಕಾಗುವುದಿಲ್ಲ.

ಮೊದಲು ಕಂಪನಿಯ ಮಾತು. ಹೊಸಬರು ಕೊಡುವ ದರ ಹಳಬರು ಕೊಡುತ್ತಿದ್ದುದಕ್ಕಿಂತ ಕಡಿಮೆ. ಅದನ್ನಾದರೂ ಹಲ್ಲು ಕಚ್ಚಿಕೊಂಡು ಸಹಿಸುತ್ತಿದ್ದೆ. ಆದರೆ ನಮ್ಮಲ್ಲಿ ಕೆಲಸ ಮಾಡುವ ಒಬ್ಬೊಬ್ಬರೂ ಹೊಸದಾಗಿ ಹೆಸರು ನೋಂದಾಯಿಸಬೇಕು. ಮೂರು ಸಲ ಕಾಗದ ಕಳಿಸಿದೆ. ಮೂರು ಸಲವೂ "ನಮಗೆ ಬಂದೇ ಇಲ್ಲ" ಎಂಬ ಉತ್ತರ ಬಂತು. ಫೋನ್ ಮಾಡಿದರೆ ಒಂದು ಗಂಟೆ ಸಂಗೀತ ಕೇಳಿಸುತ್ತಾರೆ, ಆಮೇಲೆ ಒಬ್ಬಳು ಬಂದು "ನಿಮ್ಮ ಊರು ಯಾವ್ದು ಅಂದ್ರಿ?" ಎಂದು ಕೇಳುತ್ತಾಳೆ. ಇಲ್ಲಿ ಹನ್ನೊಂದು ಜನ ನನ್ನನ್ನು ನಂಬಿ ಬಾಡಿಗೆ ಕಟ್ಟುತ್ತಾರೆ. ನಿನಗೆ ಸಂಬಳ ಸರ್ಕಾರ ಕೊಡುತ್ತದೆ, ಇವರಿಗೆ ನಾನು ಕೊಡಬೇಕು.

ಇನ್ನು ನಿನ್ನ ಆರ್ಭಟ. ಸುತ್ತೋಲೆಯಲ್ಲಿ ಎರಡು ಪುಟ ಇದ್ದವು. ಶೆಲ್ಬಿ ಎರಡರ ಫೋಟೊವನ್ನೂ ಕಳಿಸಿದ್ದಾಳೆ, ನಾನು ಅವಳನ್ನೇ ಕೇಳಿದೆ. ಸೇನೆಯ ವಿಶೇಷ ಆರೈಕೆಯ ಪಟ್ಟಿಯಲ್ಲಿರುವ ಮಕ್ಕಳಿಗೆ ಈಗ ನಡೆಯುತ್ತಿರುವ ಚಿಕಿತ್ಸೆ ಜೂನ್‌ವರೆಗೆ ನಿಲ್ಲುವುದಿಲ್ಲ, ಹೊಸ ಕಂಪನಿ ಅದನ್ನು ಒಪ್ಪಿಕೊಂಡಿದೆ ಎಂದು ಎರಡನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿದೆ. ಅಂಥ ಹದಿನಾಲ್ಕು ಮಕ್ಕಳು ನಮ್ಮಲ್ಲಿದ್ದಾರೆ. ವಿನ್ನಿಯ ಪಟ್ಟಿಯ ಅರ್ಜಿಯನ್ನು ಎರಡು ವರ್ಷದ ಹಿಂದೆ ನಾನೇ ಕೂತು ತುಂಬಿ, ಮೊಹರು ಹಾಕಿ, ದಂಡಿನ ಕಚೇರಿಗೆ ಕೊಡು ಎಂದು ನಿನ್ನ ಕೈಗೆ ಕೊಟ್ಟಿದ್ದೆ. ಅಂದ ಮೇಲೆ ಅವಳಿಗೆ ಏನೂ ಆಗುವುದಿಲ್ಲ. ಯಾವುದಕ್ಕೆ ಇಷ್ಟು ಅರಚುತ್ತಿದ್ದೀಯ, ನನಗಂತೂ ಅರ್ಥವಾಗಲಿಲ್ಲ. ಅಪ್ಪನ ಕಿವಿಯ ವಿಷಯ ಎತ್ತಬೇಡ. ಕೊನೆಗಾಲದಲ್ಲಿ ಆ ಕಿವಿಗೆ ಯಂತ್ರ ಹಾಕಿಸಲು ಓಡಾಡಿದವಳು ನಾನು.

ಮುಂದಿನ ವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಶೆಲ್ಬಿ, ವಿನ್ನಿ ನಮ್ಮ ಮನೆಗೇ ಬರುತ್ತಾರೆ. ನಿನ್ನ ಹೆಸರು ಎತ್ತದೆ ಊಟ ಮಾಡಿಸಿ ಕಳಿಸುತ್ತೇನೆ.

ರೋಂಡಾ


ಕ್ಯಾಂಪ್ ಕೇಸಿ
ಡಿಸೆಂಬರ್ 1

ಅಕ್ಕ,

ಪಟ್ಟಿ ಗಿಟ್ಟಿ ಎಂದು ನನ್ನ ಮೂಗಿಗೆ ತುಪ್ಪ ಸವರಬೇಡ. ಜೂನ್ ಆದ ಮೇಲೇನು? ಜುಲೈನಲ್ಲಿ ಅವಳ ಬಾಯಿ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆಯೇ? ಜೂನ್ ಎನ್ನುವುದು ಬರೀ ಗಡುವು, ಅದನ್ನು ಉಪಕಾರ ಎಂದು ಹೇಳುತ್ತೀಯ.

ಅದೂ ಅಲ್ಲದೆ, ಒಡಹುಟ್ಟಿದವನ ಮಗಳನ್ನು ನೋಡಿಕೊಳ್ಳಲು ನಿನಗೆ ಪಟ್ಟಿ ಯಾಕೆ ಬೇಕು? ಬಾಗಿಲ ಮೇಲಿರುವ ಹೆಸರು ಪ್ರೂಯಿಟ್, ಅವಳ ಹೆಸರೂ ಪ್ರೂಯಿಟ್. ಯಾರ ಪಟ್ಟಿಯನ್ನೂ ನೋಡದೆ ಅವಳನ್ನು ಒಳಗೆ ಕೂರಿಸು. ಯಾರು ಕೇಳುತ್ತಾರೆ? ನೀನೇ ಮಾಲೀಕಳು. ಒಂದು ಮಾತಿನಲ್ಲಿ ಮುಗಿಯುವ ಕೆಲಸಕ್ಕೆ ಕಂಪನಿ, ಅರ್ಜಿ, ಮೊಹರು ಎಂದು ಸುತ್ತಿ ಬಳಸಿ ಬರೆಯುತ್ತೀಯ.

ಇಲ್ಲಿ ನೀರಿನ ಕೊಳಾಯಿ ಹೆಪ್ಪುಗಟ್ಟಿದೆ. ಥ್ಯಾಂಕ್ಸ್‌ಗಿವಿಂಗ್ ದಿನ ಗೇಟಿನಾಚೆಯ ಅಂಗಡಿಯಿಂದ ಹುರಿದ ಕೋಳಿ ತರಿಸಿ ತಿಂದೆವು. ನನ್ನ ಹೆಸರು ಎತ್ತದೆ ಊಟ ಮಾಡಿಸಿದೆಯಲ್ಲ, ನಿನ್ನ ದೊಡ್ಡತನ.

ಡರೆಲ್


ಟಾಲ್ಬಟ್
ಡಿಸೆಂಬರ್ 3

ಡರೆಲ್,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ಪಟ್ಟಿಯಲ್ಲಿರುವ ಮಕ್ಕಳ ಹೆಸರು ನಿನ್ನೆ ಹೊಸ ಕಂಪನಿಯಿಂದ ಬಂತು. ಹದಿಮೂರು ಹೆಸರಿವೆ, ವಿನ್ನಿಯದು ಇಲ್ಲ. ಅವರ ತಪ್ಪೇ ಇರಬೇಕು, ನನ್ನ ಕಾಗದವನ್ನೇ ಮೂರು ಸಲ ಕಳೆದವರಲ್ಲವೇ. ನೀನು ಅರ್ಜಿ ಕೊಟ್ಟ ದಿನಾಂಕ, ತೆಗೆದುಕೊಂಡವರ ಹೆಸರು ತಿಳಿಸು. ಇಮೇಲೇ ಹಾಕು, ಒಂದು ಸಾಲು ಸಾಕು. ಇದೇ ತಿಂಗಳು ಮೂವತ್ತೊಂದರೊಳಗೆ ಸರಿ ಹೋಗದಿದ್ದರೆ ಅವಳ ಚಿಕಿತ್ಸೆ ಅಲ್ಲಿಗೆ ನಿಲ್ಲುತ್ತದೆ. ಜಗಳ ಆಮೇಲೆ ಆಡೋಣ.

ರೋಂಡಾ


ಕ್ಯಾಂಪ್ ಕೇಸಿ
ಡಿಸೆಂಬರ್ 16

ಅಕ್ಕ,

ಆ ಕಚೇರಿಯವರು ಯಾವ ಕಾಗದವನ್ನು ನೆಟ್ಟಗೆ ಇಟ್ಟುಕೊಂಡಿದ್ದಾರೆ? ಕಳೆದುಹಾಕಿರುತ್ತಾರೆ. ಎರಡು ವರ್ಷದ ಹಿಂದಿನ ದಿನಾಂಕ ನನಗೆ ನೆನಪಿಲ್ಲ. ನಾವು ಇಲ್ಲಿ ಫಿರಂಗಿಗಳ ಜತೆ ಹತ್ತು ದಿನ ಬಯಲಲ್ಲಿ ಬಿದ್ದಿದ್ದೆವು, ನಿನ್ನ ಕಾಗದ ಈಗ ಸಿಕ್ಕಿತು.

ಈಗ ನಿನ್ನ ಸರದಿ. ನಮ್ಮ ತುಕಡಿಯ ಹ್ಯಾರಿಗನ್‌ನ ಹೆಂಡತಿ ನಿನ್ನ ಕ್ಲಿನಿಕ್ಕಿಗೆ ಮಗನನ್ನು ತರುತ್ತಿದ್ದವಳು. ಅವಳು ಹೇಳಿದ್ದು ಕೇಳು: "ಆಯಮ್ಮಂಗೆ ಕಾಗದ ಕಳೆದದ್ದೂ ಇಲ್ಲ, ಏನೂ ಇಲ್ಲ. ಅಕ್ಟೋಬರ್‌ನಲ್ಲೇ ತೈಲ ಕಂಪನಿಯೋರ ಮಕ್ಕಳ್ನ ನೋಡ್ಕೊಳ್ಳೋಕೆ ಒಪ್ಕೊಂಡಾಗಿದೆ. ಅವರ ವಿಮೆ ಕೈ ತುಂಬ ಕೊಡತ್ತೆ. ನಮ್ ಮಕ್ಕಳು ಕೂತ ಕುರ್ಚೀಲಿ ಅವರ ಮಕ್ಕಳು ಕೂರ್ತಾರೆ, ಅಷ್ಟೆ." ಇಡೀ ಊಟದ ಮನೆಯ ಮುಂದೆ ಹ್ಯಾರಿಗನ್ ಇದನ್ನು ನನಗೆ ಹೇಳಿದ. ಪ್ರೂಯಿಟ್ ಎಂದು ಎದೆಯ ಮೇಲೆ ಹೆಸರು ಹಚ್ಚಿಕೊಂಡು ನಾನು ಅಲ್ಲಿ ಆಲೂಗಡ್ಡೆ ತಿನ್ನುತ್ತ ಕೂತಿದ್ದೆ.

ಹನ್ನೊಂದು ಜನರ ಬಾಡಿಗೆ ಎಂದು ಅಳುತ್ತ ನನ್ನ ಕಿವಿಗೆ ಹೂವಿಟ್ಟೆಯಲ್ಲ, ನಾಚಿಕೆ ಆಗಲಿಲ್ಲವೇ?

ಡರೆಲ್


ಟಾಲ್ಬಟ್
ಡಿಸೆಂಬರ್ 29

ಸಾರ್ಜೆಂಟ್ ಪ್ರೂಯಿಟ್,

ಹ್ಯಾರಿಗನ್‌ನ ಹೆಂಡತಿ ಹೇಳಿದ್ದು ನಿಜ. ಅಕ್ಟೋಬರ್ ಎರಡನೆಯ ವಾರದಲ್ಲಿ ಸಹಿ ಹಾಕಿದೆ. ಕಾಗದ ಮೂರು ಸಲ ಕಳೆದದ್ದೂ ನಿಜ. ನಾಲ್ಕನೆಯ ಸಲ ಕಳಿಸಬಹುದಾಗಿತ್ತು, ಕಳಿಸಲಿಲ್ಲ. ಸಾಕಾಗಿತ್ತು. ಬೇರೆಯವರು ಕುರ್ಚಿ ಎಳೆದು ಕೂರಿಸಿದರು, ಕೂತೆ. ನಿನಗೆ ಹೇಳದೆ ಮುಚ್ಚಿಟ್ಟೆ. ಅದು ನನ್ನ ತಪ್ಪು, ಅದರ ಮೇಲೆ ತಿಪ್ಪೆ ಸಾರಿಸುವುದಿಲ್ಲ. ನಾನು ಮುಚ್ಚಿಟ್ಟದ್ದು ಅಷ್ಟೇ. ನೀನು ಮುಚ್ಚಿಟ್ಟದ್ದಕ್ಕೆ ಬರೋಣ.

ದಂಡಿನೊಳಗಿನ ಪಟ್ಟಿಯ ಕಚೇರಿಗೆ ನಾನು, ಶೆಲ್ಬಿ ಇಬ್ಬರೂ ಹೋಗಿದ್ದೆವು. ಅಲ್ಲಿ ಕೂತಿದ್ದ ಹೆಂಗಸು ಒಳ್ಳೆಯವಳು, ಮೂರು ಸಲ ಹುಡುಕಿದಳು. "ಕಳ್ದೋಗಿಲ್ಲ ಮೇಡಂ, ಇಲ್ಲಿಗೆ ಬಂದೇ ಇಲ್ಲ. ಬಂದಿದ್ರೆ ಒಂದು ನಂಬರಾದ್ರೂ ಬಿದ್ದಿರ್ತಿತ್ತು" ಎಂದಳು. ಶೆಲ್ಬಿ ಅವಳ ಜತೆ ಜಗಳಕ್ಕೇ ನಿಂತಳು. "ನನ್ ಗಂಡ ತನ್ನ ಕೈಯಾರೆ ಕೊಟ್ಟಿದಾನೆ, ಕೊಟ್ಟು ಬಂದ್ಮೇಲೆ ಫೋನ್ ಮಾಡಿ ನಂಗೆ ಹೇಳಿದಾನೆ" ಎಂದು ನಿನ್ನ ಪರವಾಗಿ ಅಷ್ಟು ಜನರ ಮುಂದೆ ಕೂಗಾಡಿದಳು.

ಕ್ರಿಸ್‌ಮಸ್‌ನ ಮಾರನೆಯ ದಿನ ನಿನ್ನ ಟ್ರಕ್ಕಿನ ಟೈರು ಒಡೆಯಿತು. ಟೈರಿನ ರಸೀದಿ ಹುಡುಕಲು ಶೆಲ್ಬಿ ಡ್ಯಾಶ್‌ಬೋರ್ಡಿನ ಖಾನೆ ತೆಗೆದಳು. ಟಾರ್ಚು, ಹಳೆಯ ನಕಾಶೆಗಳ ಕೆಳಗೆ ಒಂದು ಕಂದು ಲಕೋಟೆ ಇತ್ತು. ಅದರೊಳಗೆ ನನ್ನ ಕೈಬರಹ, ನನ್ನ ಮೊಹರು. ಅದರಲ್ಲಿ ನೀನು ಸಹಿ ಮಾಡಬೇಕಾದ ಜಾಗ ಮಾತ್ರ ಖಾಲಿ.

ಅವಳು ಲಕೋಟೆಯನ್ನು ನನ್ನ ಮೇಜಿನ ಮೇಲೆ ತಂದಿಟ್ಟು ಹೋದಳು. ನಿನ್ನ ಫೋನ್ ಅವಳು ಯಾಕೆ ಎತ್ತುತ್ತಿಲ್ಲ ಎಂದು ಯೋಚಿಸುತ್ತಿದ್ದರೆ, ಇದೇ ಕಾರಣ.

ಅವಳೇ ಅರ್ಜಿ ಕೊಡಲಿ ಎಂದರೆ ನೀನು ಹೊರಡುವಾಗ ಅವಳಿಗೆ ಬರೆದುಕೊಟ್ಟ ಅಧಿಕಾರ ಪತ್ರ ಮನೆಗೂ ಟ್ರಕ್ಕಿಗೂ ಮಾತ್ರ. ಮಗಳಿಗೆ ಅದು ಸಲ್ಲುವುದಿಲ್ಲ. ವಿಮೆ ಸೈನಿಕನದು, ಸಹಿಯೂ ಸೈನಿಕನದೇ ಆಗಬೇಕಂತೆ. ಮೂವತ್ತೊಂದಕ್ಕೆ ಇನ್ನು ಎರಡು ದಿನ ಇದೆ. ಯಾಕೆ ಹೀಗೆ ಮಾಡಿದೆ ಎಂದು ಬರೆ.

ರೋಂಡಾ ಪ್ರೂಯಿಟ್


ಕ್ಯಾಂಪ್ ಕೇಸಿ
ಜನವರಿ 15

ರೋಂಡಾ,

ಬರೆಯುತ್ತೇನೆ. ನೀನು ಸಮವಸ್ತ್ರ ತೊಟ್ಟವಳಲ್ಲ, ನಿನಗೆ ಇದು ಅರ್ಥವಾಗುತ್ತದೆ ಎಂದು ನಾನು ನಂಬಿಲ್ಲ.

ನೀನು ಲಕೋಟೆ ಕೊಟ್ಟ ದಿನವೇ ನಾನು ಆ ಕಚೇರಿಯ ಬಾಗಿಲವರೆಗೂ ಹೋಗಿದ್ದೆ. ಹೊರಗೆ ಸಿಗರೇಟು ಸೇದುತ್ತ ನಮ್ಮ ಹಿರಿಯ ಸಾರ್ಜೆಂಟ್ ನಿಂತಿದ್ದ. ಕೈಯಲ್ಲಿದ್ದದ್ದು ನೋಡಿದ. "ಅದನ್ನ ಒಳಗೆ ಕೊಟ್ಯೋ, ನಿನ್ನ ಹೆಸರಿನ ಮುಂದೆ ಗುರುತು ಬಿತ್ತು ಅನ್ಕೋ. ಎಲ್ಲಿಗೆ ವರ್ಗ ಆದ್ರೂ ಮೊದ್ಲು ಅಲ್ಲಿ ನಿನ್ ಮಗಳಿಗೆ ಡಾಕ್ಟ್ರು ಇದಾರಾ ನೋಡ್ತಾರೆ. ಇಲ್ಲ ಅಂದ್ರೆ ನಿನ್ನ ಕಳ್ಸಲ್ಲ. ನಿವೃತ್ತಿ ಆಗೋವರ್ಗೂ ಒಕ್ಲಹೋಮಾದಲ್ಲೇ ಕಂಬಳಿ ಎಣಿಸ್ತಿರು" ಎಂದ. ಕಾಗದದ ನಿಯಮ ಹಾಗೆ ಹೇಳುವುದಿಲ್ಲ, ಗೊತ್ತು. ಆದರೆ ಇಲ್ಲಿ ಎಲ್ಲರೂ ನಂಬುವುದು ಅದನ್ನೇ. ನನ್ನ ಜತೆಯ ನಾಲ್ವರು ಹೀಗೇ ಅರ್ಜಿಗಳನ್ನು ಇಟ್ಟುಕೊಂಡಿದ್ದಾರೆ, ಒಬ್ಬನ ಮಗನಿಗೆ ಮೂರ್ಛೆ ರೋಗ.

ಕೊರಿಯಾದಲ್ಲಿ ಒಂದು ವರ್ಷ ಒಂಟಿಯಾಗಿ ಕಳೆದರೆ ಮುಂದೆ ಜರ್ಮನಿ. ಹೆಂಡತಿ ಮಗಳ ಜತೆ ಮೂರು ವರ್ಷ, ಫಸ್ಟ್ ಸಾರ್ಜೆಂಟ್ ಹುದ್ದೆ. ಅಪ್ಪ ಇಪ್ಪತ್ತಾರು ವರ್ಷ ದುಡಿದೂ ಅದನ್ನು ಮುಟ್ಟಲಿಲ್ಲ. ಹೆಂಡತಿ ಮಗಳಿಗೋಸ್ಕರವೇ ಇದೆಲ್ಲ ಎಂದುಕೊಂಡೆ. ನಿನ್ನ ಕ್ಲಿನಿಕ್ ಇತ್ತು, ಡೆಲ್ಫಿನ್ ಇದ್ದಳು, ವಿಮೆ ನಡೆಯುತ್ತಿತ್ತು, ಪಟ್ಟಿಯಿಂದ ಆಗಬೇಕಾದದ್ದು ಏನೂ ಇರಲಿಲ್ಲ. ನೀನು ಬಾಗಿಲು ಹಾಕಿದ ಮೇಲೆ ಬೇಕಾಯಿತು. ಹಾಕದಿದ್ದರೆ ಆ ಲಕೋಟೆ ಟ್ರಕ್ಕಿನಲ್ಲೇ ಕೊಳೆಯುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ.

ಇನ್ನೊಂದು. ಮಾತು ತಡವಾದರೆ ಪಟ್ಟಿಗೆ ಸೇರಿಸುವ ರೋಗವೇ ಅದು? ನಾನೂ ನಾಲ್ಕು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಫೋನಿನಲ್ಲಿ ನನ್ನ ಜತೆ ಚೆನ್ನಾಗಿಯೇ ಮಾತಾಡುತ್ತಾಳೆ ವಿನ್ನಿ. ನಿಮ್ಮಂಥವರಿಗೆ ಎಲ್ಲ ಮಕ್ಕಳಲ್ಲೂ ಒಂದೊಂದು ಕಾಯಿಲೆ ಕಂಡರೇ ವ್ಯಾಪಾರ.

ಶೆಲ್ಬಿಗೆ ಫೋನ್ ಎತ್ತಲು ಹೇಳು.

ಡರೆಲ್


ಟಾಲ್ಬಟ್
ಜನವರಿ 28

ಡರೆಲ್,

ನಾಲ್ಕು ವಾರ ಆಯಿತು, ವಿನ್ನಿಗೆ ಚಿಕಿತ್ಸೆ ಇಲ್ಲ. ಡೆಲ್ಫಿನ್ ಈಗ ನಮ್ಮಲ್ಲಿಲ್ಲ. "ನೀವು ಸೈನಿಕರ ಮಕ್ಕಳನ್ನ ಬಿಡ್ತೀರಿ ಅಂದ್ರೆ ನಾನು ನಿಮ್ಮನ್ನ ಬಿಡ್ತೀನಿ" ಎಂದು ನನ್ನ ಮುಖಕ್ಕೆ ಹೊಡೆದಂತೆ ಹೇಳಿ, ಅರವತ್ತು ಮೈಲಿ ಆಚೆಯ ಒಂದು ಕ್ಲಿನಿಕ್ಕಿಗೆ ಸೇರಿಕೊಂಡಳು. ಅವಳಿಗೆ ಕಲಿಸಿ ಬೆಳೆಸಿದವಳು ನಾನು. ಇದು ನಿನಗೆ ಸಂತೋಷದ ಸುದ್ದಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿನ್ನ ಮಾತಿನಂತೆ ಪಟ್ಟಿ ನೋಡದೆ ವಿನ್ನಿಯನ್ನು ನಾನೇ ಕೂರಿಸಿಕೊಂಡೆ, ನಮ್ಮ ಅಡುಗೆಮನೆಯ ಮೇಜಿನಲ್ಲಿ, ಮೂರು ಶನಿವಾರ. ಮಕ್ಕಳ ಎದುರು ಕೂತು ನನಗೆ ಹತ್ತು ವರ್ಷದ ಮೇಲಾಯಿತು, ಬರೀ ಫೈಲು ನೋಡಿದ ಕೈ ಇದು. ನಾನು ಅವಸರ ಮಾಡಿದೆ. ಒಂದೇ ಮಾತನ್ನು ಅವಳು ಆರು ಸಲ ಆರು ಥರ ಹೇಳಿದಳು, ಒಂದೂ ಸರಿ ಬರಲಿಲ್ಲ. ಮೂರನೆಯ ಶನಿವಾರ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಮೇಜಿನ ಕೆಳಗೆ ಹೋಗಿ ಕೂತಳು. ಬಿಸ್ಕತ್ತು ತೋರಿಸಿದರೂ ಬರಲಿಲ್ಲ. ಡಿಸೆಂಬರ್‌ನಲ್ಲಿ ಹಾಲು, ನಾಯಿ, ಅತ್ತೆ, ಇನ್ನೂ ಬೇಕು, ಎಲ್ಲ ಹೇಳುತ್ತಿದ್ದಳು. ಈಗ ಬೆರಳು ತೋರಿಸುತ್ತಾಳೆ. ಸುಲಭ ನೋಡು, ಬೆರಳು ದಾರಿ ತಪ್ಪುವುದಿಲ್ಲ.

ಇದನ್ನು ನೀನು ತಡವಾದ ಮಾತು ಎನ್ನುತ್ತೀಯ. ನಿನ್ನ ಬಾಲ್ಯದ ಕಥೆ ತೆಗೆಯಬೇಡ. ನೀನು ನಾಲ್ಕು ವರ್ಷ ಸುಮ್ಮನಿದ್ದದ್ದು ಸೋಮಾರಿತನಕ್ಕೆ, ನಿನಗೆ ಬೇಕಾದ್ದೆಲ್ಲ ನಾನೇ ಕೇಳಿ ಕೊಡಿಸುತ್ತಿದ್ದೆ.

ನನ್ನ ಬಾಗಿಲ ವಿಷಯ. ಮತ್ತೆ ತೆರೆಯುವುದಿಲ್ಲ. ಸಹಿ ಆಗಿದೆ, ಕುರ್ಚಿಗಳು ತುಂಬಿವೆ. ನೀನು ಅದಕ್ಕಾಗಿ ನನ್ನನ್ನು ದ್ವೇಷಿಸುವುದಾದರೆ ದ್ವೇಷಿಸಿಕೋ, ಅದರ ಭಾರವನ್ನು ನಾನು ಹೊರುತ್ತೇನೆ. ಆದರೆ ಡೆಲ್ಫಿನ್ ಇರುವ ಕ್ಲಿನಿಕ್ ಹೊಸ ಕಂಪನಿಯ ಜತೆ ಇದೆ. ಅಲ್ಲಿ ಬೇರೆಯವರಿಗೆ ಎಂಟು ತಿಂಗಳು ಕಾಯುವ ಸರದಿ, ಪಟ್ಟಿಯಲ್ಲಿರುವ ಮಕ್ಕಳಿಗೆ ಎರಡು ವಾರ.

ಲಕೋಟೆ ಇದರ ಜತೆಗೇ ಇದೆ. ಫೆಬ್ರವರಿ ಇಪ್ಪತ್ತರೊಳಗೆ ನೀನು ಸಹಿ ಮಾಡಿ ನಿನ್ನ ಕ್ಯಾಪ್ಟನ್‌ನ ಕೈಗೆ ಕೊಡದಿದ್ದರೆ ನಾನೇ ಅವನಿಗೆ ಬರೆಯುತ್ತೇನೆ. ಮಗುವಿನ ಕಾಯಿಲೆ ಮುಚ್ಚಿಟ್ಟ ಸಾರ್ಜೆಂಟ್‌ಗೆ ಅವರು ಏನು ಮಾಡುತ್ತಾರೆ ಎಂದು ಆ ಕಚೇರಿಯ ಹೆಂಗಸು ನನಗೆ ಹೇಳಿದ್ದಾಳೆ. ಹೆದರಿಸುತ್ತಿದ್ದೇನೆ ಅಂದುಕೋ. ಹೌದು.

ಶೆಲ್ಬಿಗೆ ಹೇಳಿದೆ. "ಎತ್ತಿ ಏನ್ ಮಾತಾಡ್ಲಿ ಅತ್ತಿಗೆ? ಅವರು ಏನ್ ಹೇಳಿದ್ರೂ ನಿಜಾನಾ ಅಂತ ಆ ಖಾನೆ ತೆಗ್ದು ನೋಡ್ಬೇಕು ಅನ್ಸತ್ತೆ" ಎಂದಳು.

ರೋಂಡಾ


ಕ್ಯಾಂಪ್ ಕೇಸಿ
ಫೆಬ್ರವರಿ 12

ರೋಂಡಾ,

ಕೊಟ್ಟೆ.

ಕ್ಯಾಪ್ಟನ್ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅರ್ಜಿಯ ಮೇಲಿನ ನಿನ್ನ ಮೊಹರಿನ ದಿನಾಂಕ ನೋಡಿ, "ಎರಡು ವರ್ಷ ಎಲ್ಲಿತ್ತು ಸಾರ್ಜೆಂಟ್ ಇದು?" ಎಂದ. ಟ್ರಕ್ಕಿನಲ್ಲಿತ್ತು ಸರ್ ಎಂದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲಿಖಿತ ಎಚ್ಚರಿಕೆ ಕೊಟ್ಟ, ಅದು ನನ್ನ ಕಡತಕ್ಕೆ ಹೋಗುತ್ತದೆ.

ನಾಲ್ಕು ದಿನದಲ್ಲಿ ಜರ್ಮನಿಯಿಂದ ಉತ್ತರ ಬಂತು. ಆ ದಂಡಿನಲ್ಲಿ ಮಕ್ಕಳಿಗೆ ಮಾತು ಕಲಿಸುವವರು ಯಾರೂ ಇಲ್ಲವಂತೆ. ನನ್ನ ಹುದ್ದೆ ಒಕಾಂಪೊ ಎನ್ನುವವನಿಗೆ ಹೋಯಿತು. ಅವನಿಗೆ ಮದುವೆಯೇ ಆಗಿಲ್ಲ. ಆಗಸ್ಟ್‌ನಲ್ಲಿ ನನ್ನನ್ನು ಟಾಲ್ಬಟ್‌ಗೇ ವಾಪಸು ಕಳಿಸುತ್ತಾರೆ, ತರಬೇತಿ ಉಗ್ರಾಣಕ್ಕೆ. ಕಂಬಳಿ ಎಣಿಸುವುದು ಎಂದು ಆ ಹಿರಿಯ ಸಾರ್ಜೆಂಟ್ ಹೇಳಿದ್ದು ತಮಾಷೆಗಲ್ಲ, ನೋಡು.

ಹದಿನೆಂಟು ವರ್ಷ ಕಟ್ಟಿದ್ದನ್ನು ಕೆಡವಿದೆ. ನಾನು ಅಕ್ಕನ ಕೈಯಿಂದ ಬೆದರಿಕೆ ಪತ್ರ ತೆಗೆದುಕೊಂಡವನು ಎಂಬುದನ್ನು ಮರೆಯುವುದಿಲ್ಲ. ಇನ್ನು ನನಗೆ ಬರೆಯಬೇಡ.


ಟಾಲ್ಬಟ್
ಮಾರ್ಚ್ 5

ಡರೆಲ್,

ಬರೆಯಬೇಡ ಎಂದಿದ್ದೆ. ನನಗೂ ಇಷ್ಟವಿರಲಿಲ್ಲ, ಕೆಲಸವಿತ್ತು.

ವಿನ್ನಿ ಪಟ್ಟಿಯಲ್ಲಿದ್ದಾಳೆ. ಫೆಬ್ರವರಿ ಇಪ್ಪತ್ತಾರರಿಂದ ಡೆಲ್ಫಿನ್ ಹತ್ತಿರ ಹೋಗುತ್ತಿದ್ದಾಳೆ. ಸೋಮವಾರ, ಬುಧವಾರ ಶೆಲ್ಬಿ ಕರೆದುಕೊಂಡು ಹೋಗುತ್ತಾಳೆ, ಶುಕ್ರವಾರ ನಾನು. ಹೋಗುವಾಗ ಅರವತ್ತು ಮೈಲಿ, ಬರುವಾಗ ಅರವತ್ತು ಮೈಲಿ. ಡೆಲ್ಫಿನ್ ನನ್ನ ಜತೆ ಮಾತಾಡುವುದಿಲ್ಲ, ನಾನು ಕಾರಿನಲ್ಲೇ ಕೂತಿರುತ್ತೇನೆ. ಮೊದಲ ದಿನ ವಿನ್ನಿ ಅವಳನ್ನು ಕಂಡದ್ದೇ ಓಡಿಹೋಗಿ ಅವಳ ಮೊಣಕಾಲು ಹಿಡಿದುಕೊಂಡಳು. ನನ್ನ ಅಡುಗೆಮನೆಯಲ್ಲಿ ಮೇಜಿನ ಕೆಳಗೆ ಹೋದ ಹುಡುಗಿ ಇವಳೇನಾ ಎನಿಸಿತು. ಹೊಟ್ಟೆ ಉರಿಯಿತು, ಹೇಳುವುದಕ್ಕೇನು.

ಡೆಲ್ಫಿನ್ ಮತ್ತೆ ಮೊದಲಿಂದ ಲೆಕ್ಕ ಹಾಕುತ್ತಿದ್ದಾಳೆ. ಅದಕ್ಕೆ ಒಂದು ನಮೂನೆ ಇದೆ. ಮಗುವಿನ ಮಾತು ಬೇರೆಯವರು ಬಿಡಿಸಿ ಹೇಳದೆ ಯಾರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಮನೆಯವರು ಒಬ್ಬೊಬ್ಬರೂ ಗುರುತು ಹಾಕಬೇಕು. ಯಾವಾಗಲೂ, ಬಹುಮಟ್ಟಿಗೆ, ಕೆಲವೊಮ್ಮೆ, ಇಲ್ಲ. ನಾಲ್ಕು ಚೌಕ. ಶೆಲ್ಬಿ "ಬಹುಮಟ್ಟಿಗೆ" ಎಂದು ಹಾಕಿದಳು. ನಾನು "ಕೆಲವೊಮ್ಮೆ" ಎಂದು ಹಾಕಿದೆ. ತಂದೆಯ ಸಾಲು ಖಾಲಿ ಇದೆ. "ಅವರು ಅಲ್ಲಿದಾರಲ್ಲ, ನಾನೇ ಅಂದಾಜಿಗೆ ಹಾಕ್ಬಿಡ್ಲಾ?" ಎಂದು ಶೆಲ್ಬಿ ಕೇಳಿದ್ದಕ್ಕೆ ಡೆಲ್ಫಿನ್ ಒಪ್ಪಲಿಲ್ಲ. "ಅಂದಾಜಿಗೆ ಬೇಡ, ಅವರಿಗೇ ಕಳ್ಸಿ. ಆಗಸ್ಟ್‌ಗೆ ಅವರು ಮನೇಲಿರ್ತಾರೆ, ಅವರ ಜತೆ ಎಲ್ಲಿಂದ ಶುರು ಮಾಡ್ಬೇಕು ನಂಗೆ ಗೊತ್ತಾಗ್ಬೇಕು" ಎಂದಳು.

ನಮೂನೆ ಇಟ್ಟಿದ್ದೇನೆ. ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಾಳೆ ಎಂದು ಬರೆದಿದ್ದೆಯಲ್ಲ, ನಿನಗೆ ಕಷ್ಟವಾಗಲಾರದು. ಶೆಲ್ಬಿ ಈ ಭಾನುವಾರದಿಂದ ಫೋನ್ ಎತ್ತುತ್ತಾಳೆ. ವಿನ್ನಿಗಾಗಿ, ನಿನಗಾಗಿ ಅಲ್ಲ ಎಂದು ತಿಳಿಸಲು ಹೇಳಿದ್ದಾಳೆ.

ರೋಂಡಾ


ಕ್ಯಾಂಪ್ ಕೇಸಿ
ಮಾರ್ಚ್ 21

ಅಕ್ಕ,

ನೀನು ಬಾಗಿಲು ಹಾಕಿದ್ದನ್ನು ನಾನು ಕ್ಷಮಿಸಿಲ್ಲ. ಆಗಸ್ಟ್‌ನಲ್ಲಿ ಬಂದಾಗ ಎದುರು ಸಿಕ್ಕರೂ ಅದನ್ನೇ ಹೇಳುತ್ತೇನೆ.

ನಮೂನೆ ಬಂದ ದಿನ ಪೆನ್ನು ತೆಗೆದು ಎರಡನೆಯ ಚೌಕದಲ್ಲಿ ಗುರುತು ಹಾಕಲು ಹೊರಟಿದ್ದೆ. ಶೆಲ್ಬಿ ಹಾಕಿದ್ದೂ ಅದನ್ನೇ. ಆಮೇಲೆ ಅದರ ಪ್ರಶ್ನೆಯನ್ನು ಇನ್ನೊಮ್ಮೆ ಓದಿದೆ. ಬೇರೆಯವರು ಬಿಡಿಸಿ ಹೇಳದೆ ಎಂದಿದೆ. ಇಷ್ಟು ದಿನ ಫೋನಿನಲ್ಲಿ ವಿನ್ನಿಯ ಪಕ್ಕ ಶೆಲ್ಬಿ ಇರುತ್ತಿದ್ದಳು. ವಿನ್ನಿ ಒಂದು ಹೇಳಿದರೆ ಶೆಲ್ಬಿ ಹಿಂದೆಯೇ "ಶಾಲೇಲಿ ಬಣ್ಣ ಹಚ್ಚಿದ್ಲಂತೆ" ಎನ್ನುತ್ತಿದ್ದಳು. ನಾನು ಶೆಲ್ಬಿ ಹೇಳಿದ್ದನ್ನು ಕೇಳಿ ಮಗಳ ಮಾತು ಕೇಳಿದೆ ಎಂದುಕೊಂಡಿದ್ದೆ.

ಹೋದ ಭಾನುವಾರ ವಿಡಿಯೊ ಕರೆ ಮಾಡಿ ಶೆಲ್ಬಿಗೆ, ನೀನು ಪಕ್ಕದ ಕೋಣೆಗೆ ಹೋಗು, ಅವಳನ್ನೊಬ್ಬಳನ್ನೇ ಬಿಡು ಎಂದೆ. ಅವಳು ಫೋನನ್ನು ವಿನ್ನಿಯ ಕೈಗೆ ಕೊಟ್ಟು ಹೋದಳು.

ವಿನ್ನಿ ಏನೋ ಹೇಳಿದಳು. ನಾನು "ಹೌದಾ ಕಂದ" ಎಂದೆ. ಮತ್ತೆ ಅದನ್ನೇ ಹೇಳಿದಳು, ನಾನು ಮತ್ತೆ "ಹೌದಾ, ಒಳ್ಳೇದು" ಎಂದೆ. ಅವಳು ಮೂರನೆಯ ಸಲ ನಿಧಾನವಾಗಿ, ನನಗೆ ಕಲಿಸುವವಳ ಹಾಗೆ ಹೇಳಿದಳು. ಅದು ಪ್ರಶ್ನೆ ಎಂದು ಮುಖ ನೋಡಿ ಗೊತ್ತಾಯಿತು. ಏನು ಕೇಳುತ್ತಿದ್ದಾಳೆ ಎಂದು ಗೊತ್ತಾಗಲಿಲ್ಲ. ಪ್ರಶ್ನೆಗೆ ಏನಾದರೂ ಹೇಳಬೇಕಲ್ಲ, "ಹೂಂ ಕಂದ, ಹೌದು" ಎಂದೆ.

ಫೋನನ್ನು ಮೇಜಿನ ಮೇಲೆ ಮಲಗಿಸಿ ಎದ್ದು ಹೋದಳು. ನನಗೆ ಮನೆಯ ಛಾವಣಿಯ ಫ್ಯಾನು ಮಾತ್ರ ಕಾಣುತ್ತಿತ್ತು. ಪಕ್ಕದ ಕೋಣೆಯಲ್ಲಿ ಅವಳು ಅದೇ ಮಾತನ್ನು ಅಮ್ಮನಿಗೆ ಹೇಳುವುದು ಕೇಳಿಸಿತು, ಅಳುತ್ತ ಹೇಳುತ್ತಿದ್ದಳು. ಶೆಲ್ಬಿಯ ಉತ್ತರವೂ ಕೇಳಿಸಿತು: "ಇಲ್ಲ ಬಂಗಾರ, ಅಪ್ಪಂಗೆ ನಿನ್ ಮೇಲೆ ಸಿಟ್ಟಿಲ್ಲ. ಹೌದು ಅಂದಿದ್ದು ಅದಕ್ಕಲ್ಲ. ನೀನು ಕೇಳಿದ್ದು ಅಪ್ಪಂಗೆ ತಿಳೀಲಿಲ್ಲ, ಅಷ್ಟೆ."

ನಮೂನೆ ಇದರ ಜತೆಗಿದೆ. "ಇಲ್ಲ" ಎಂಬ ನಾಲ್ಕನೆಯ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದ್ದೇನೆ. ಶುಕ್ರವಾರ ಹೋದಾಗ ಡೆಲ್ಫಿನ್ ಕೈಗೆ ಕೊಡು.

ಡರೆಲ್